ನಮ್ಮ ಜನ ದೇಶದೊಳಗೆ ಎಷ್ಟು ಓಡಾಡುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತಳಾದ ಮೇಲೆ ನಮ್ಮ ಬೀದಿಯವರನ್ನು ಪ್ರವಾಸಕ್ಕೆ ಹೊರಡಿಸುವ ಕೆಲಸ ತಾನಾಗಿ ನನ್ನ ತಲೆಗೆ ಬಂತು. ಹೊರಡುವ ಮುಂಚೆ ಸೇರುವ ಮಾತುಕತೆಯಲ್ಲಿ, ಮಹಿಳಾ ಸಂಘದ ಸಭೆಗಳಲ್ಲಿ, ಹಳೇ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಮೊದಲು ಕೇಳುವವು

"ನಾವು ಎಲ್ಲೂ ಹೋಗೋರಲ್ಲ ಕಣವ್ವ, ನಮ್ಮನ್ನ ಯಾಕೆ ಕೇಳ್ತೀಯ?"

ಹೀಗೆ ಕೇಳಿದವರು ನಮ್ಮ ಎದುರುಮನೆಯ ಅಜ್ಜಿ. ಅವತ್ತು ಎಲೆ ಹಾಕಿಕೊಳ್ಳಲು ಸಂಚಿ ಬಿಚ್ಚಿದರು. ಅಡಿಕೆ ಚೂರಿನ ಜೊತೆಗೆ ಮಡಚಿದ ಬಸ್ ಟಿಕೆಟ್‌ಗಳ ಒಂದು ಕಂತೆಯೂ ಈಚೆ ಬಂತು. ಎಲ್ಲವೂ ಸೊನ್ನೆ ರೂಪಾಯಿಯ ಟಿಕೆಟ್. ಕೆಲವದರ ಅಕ್ಷರ ಬಿಸಿಲಿಗೆ ಮಾಸಿ ಹೋಗಿತ್ತು, ಕೆಲವಕ್ಕೆ ಸುಣ್ಣ ಮೆತ್ತಿತ್ತು. ಜಗುಲಿಯ ಮೇಲೆ ಹರಡಿಕೊಂಡು ಇಬ್ಬರೂ ಎಣಿಸಿದೆವು. ಎರಡು ತಿಂಗಳಿಗೆ ಹತ್ತೊಂಬತ್ತು. ನಾಗಮಂಗಲದಲ್ಲಿ ತಂಗಿ ಮನೆ, ಮೇಲುಕೋಟೆ, ಕಣ್ಣು ತೋರಿಸಲು ಮೈಸೂರಿನ ದೊಡ್ಡಾಸ್ಪತ್ರೆಗೆ ನಾಲ್ಕು ಸಲ, ಬಾಣಂತಿ ಮೊಮ್ಮಗಳನ್ನು ನೋಡಲು ಬೆಂಗಳೂರು, ಕೆ.ಆರ್. ಪೇಟೆಯಲ್ಲೊಂದು ತಿಥಿ.

"ಅವೆಲ್ಲ ಕೆಲಸಕ್ಕೆ ಹೋಗಿದ್ದು, ತಿರುಗಾಡಕ್ಕಲ್ಲ" ಅಂದರು. ನಮ್ಮವರಲ್ಲಿ ಬಹಳ ಜನರ ಮಾತು ಇದೇ. ಕ್ಯಾಮೆರಾ ಹಿಡಿದು ಗುಡ್ಡ ಬೆಟ್ಟ ನೋಡಿದರೆ ಮಾತ್ರ ಪ್ರಯಾಣ, ಉಳಿದದ್ದೆಲ್ಲ "ಹಂಗೇ ಹೋಗ್ಬಂದೆ". ಆ "ಹಂಗೇ ಹೋಗ್ಬಂದೆ"ಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಈ ದೇಶದ ಓಡಾಟದ ದೊಡ್ಡ ಪಾಲೇ ಬಿಟ್ಟು ಹೋಗುತ್ತದೆ.

"ಮಾವನ ಮನೆ ಮದುವೆಗೆ ಹೋಗಿ ಎರಡು ದಿನ ಇದ್ದು ಬಂದ್ರೆ ಅದೂ ಪ್ರವಾಸನಾ?"

ಸರ್ಕಾರದ ಲೆಕ್ಕದಲ್ಲಿ ಹೌದು. ಕೇಂದ್ರದ ಮಾದರಿ ಸಮೀಕ್ಷೆಯವರು 2014-15ರಲ್ಲಿ ಮನೆಮನೆಗೆ ಹೋಗಿ ದೇಶದೊಳಗಿನ ಪ್ರವಾಸವನ್ನೇ ವಿಷಯ ಮಾಡಿಕೊಂಡು ಕೇಳಿದ್ದರು. ದಿನನಿತ್ಯದ ಓಡಾಟದ ವಲಯ ದಾಟಿ, ಒಂದು ರಾತ್ರಿಯಾದರೂ ಬೇರೆಡೆ ತಂಗಿ, ಮತ್ತೆ ಮನೆಗೆ ಬಂದರೆ ಅದು ಒಂದು ಪ್ರವಾಸ. ಮದುವೆ, ಸಾವು, ಹಬ್ಬ, ನೆಂಟರ ಮನೆ, ಹರಕೆ, ಆಸ್ಪತ್ರೆ, ವಿಹಾರ, ಎಲ್ಲವೂ ಅದರೊಳಗೆ ಬರುತ್ತವೆ. ಹಳ್ಳಿಯಲ್ಲೂ ಪಟ್ಟಣದಲ್ಲೂ ಎಲ್ಲಕ್ಕಿಂತ ಮುಂದೆ ನಿಂತದ್ದು ನೆಂಟರಿಷ್ಟರ ಸಲುವಾಗಿ ಮಾಡಿದ ಪ್ರವಾಸ. ವಿಹಾರಕ್ಕೆಂದೇ ಹೋದದ್ದು ಅದರ ಮುಂದೆ ಬಹಳ ಸಣ್ಣದು.

ಆ ಸಮೀಕ್ಷೆಯ ಒಂದು ಕ್ರಮ ನನಗೆ ತುಂಬ ಹಿಡಿಸಿತು. ಮದುವೆ, ದೇವಸ್ಥಾನದಂಥ ಪ್ರವಾಸವನ್ನು ಕಳೆದ 30 ದಿನದ್ದಷ್ಟೇ ಕೇಳುತ್ತಿದ್ದರು. ವಿಹಾರ, ಚಿಕಿತ್ಸೆ, ಖರೀದಿಗೆ ಹೋದದ್ದನ್ನು ಕಳೆದ 365 ದಿನದ್ದು ಕೇಳುತ್ತಿದ್ದರು. ಊಟಿಗೆ ಹೋಗಿದ್ದು ವರ್ಷವಾದರೂ ನೆನಪಿರುತ್ತದೆ. ನಾದಿನಿ ಮಗುವಿನ ನಾಮಕರಣಕ್ಕೆ ಹೋಗಿದ್ದು ಎರಡು ತಿಂಗಳಿಗೇ ಮರೆತು ಹೋಗುತ್ತದೆ. ನಮ್ಮ ಮನೆಗಳ ರೀತಿ ಗೊತ್ತಿದ್ದವರು ಮಾಡಿದ ಕ್ರಮ ಅದು.

"ದಿನಾ ಮಂಡ್ಯದಿಂದ ಬೆಂಗಳೂರಿಗೆ ಟ್ರೈನಲ್ಲಿ ಹೋಗಿ ಬರ್ತೀನಿ. ನನ್ನಷ್ಟು ಪ್ರಯಾಣ ಮಾಡೋರು ಯಾರಿದ್ದಾರೆ?"

ಕಿಲೋಮೀಟರ್ ಲೆಕ್ಕದಲ್ಲಿ ನೀವೇ ಮುಂದೆ. ಮಂಡ್ಯದಿಂದ ಬೆಂಗಳೂರಿಗೆ ರೈಲು ದಾರಿ ಸುಮಾರು 93 ಕಿ.ಮೀ. ಹೋಗಿ ಬರಲು 186. ವರ್ಷಕ್ಕೆ 250 ದಿನ ಕೆಲಸವೆಂದರೆ 46,500 ಕಿ.ಮೀ. ಭೂಮಧ್ಯರೇಖೆಯ ಸುತ್ತಳತೆಯೇ 40,075. ಬೆಳಗಿನ ಗಾಡಿಯಲ್ಲಿ ನಿಂತುಕೊಂಡೇ ಹೋಗುವ ಮದ್ದೂರು, ಮಂಡ್ಯದ ನೌಕರರು ವರ್ಷಕ್ಕೊಂದು ಸಲ ಭೂಮಿ ಸುತ್ತಿದಷ್ಟು ಓಡಾಡುತ್ತಾರೆ.

ಆದರೆ ಪ್ರವಾಸದ ಲೆಕ್ಕದಲ್ಲಿ ನಿಮ್ಮದು ಸೊನ್ನೆ, ಏಕೆಂದರೆ ಅದು ನಿಮ್ಮ ದಿನನಿತ್ಯದ ದಾರಿ. ರೈಲ್ವೆಯವರ ಲೆಕ್ಕದಲ್ಲಿ ಮಾತ್ರ ಹೋಗಿದ್ದಕ್ಕೊಂದು, ಬಂದಿದ್ದಕ್ಕೊಂದು. ದೇಶದ ರೈಲುಗಳಲ್ಲಿ 2018-19ರಲ್ಲಿ 840 ಕೋಟಿಗೂ ಹೆಚ್ಚು ಪ್ರಯಾಣ ನಡೆದವು ಅನ್ನುವಾಗ ಅರ್ಧಕ್ಕಿಂತ ಹೆಚ್ಚು ಮುಂಬೈ, ಕೋಲ್ಕತ್ತ, ಚೆನ್ನೈನಂಥ ಕಡೆಯ ಉಪನಗರ ರೈಲುಗಳದ್ದು. ರೈಲಿನ ಮಾಸಿಕ ಪಾಸ್ 150 ಕಿ.ಮೀ.ವರೆಗೆ ಸಿಗುತ್ತದೆ, ಹಾಗಾಗಿ 138 ಕಿ.ಮೀ. ದೂರದ ಮೈಸೂರಿನವರೂ ಅದನ್ನು ಮಾಡಿಸಿಕೊಳ್ಳಬಹುದು.

## ಕಾಸು, ದಾರಿ, ಧೈರ್ಯ

"ಫ್ರೀ ಬಸ್ ಬಂದ್ಮೇಲೆ ಹೆಂಗಸ್ರು ಸುಮ್ಸುಮ್ನೆ ಸುತ್ತುತಾರೆ ಅಂತಾರಲ್ಲ, ನಿಜಾನಾ?"

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ, ನಗರ ಸಾರಿಗೆಯಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತ, ಸ್ಲೀಪರ್, ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಅನ್ವಯಿಸುವುದಿಲ್ಲ.

ಬಸ್ಸು ತುಂಬಿದ್ದು ನಿಜ. ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರ ಕಾಲಿಡಲು ಜಾಗವಿಲ್ಲದ್ದೂ ನಿಜ. ಆದರೆ "ಸುಮ್ಸುಮ್ನೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಹತ್ತೊಂಬತ್ತು ಟಿಕೆಟ್‌ನಲ್ಲಿ ಸುಮ್ಮನೆ ಹೋಗಿದ್ದು ಯಾವುದು ತೋರಿಸಿ. ಮೊದಲು ಕಣ್ಣು ಮಂಜಾದರೂ "ಮಗ ಸಂಬಳ ತರಲಿ, ಆಮೇಲೆ ಹೋಗಾಣ" ಅಂತ ದಿನ ತಳ್ಳುತ್ತಿದ್ದವರು ಅವರು. ತಂಗಿ ಮನೆಗೆ ಹೋಗಲು ಮಗನ ಹತ್ತಿರ ಕೈಯೊಡ್ಡಬೇಕಿತ್ತು. ಈಗ ಸೆರಗಿನ ಗಂಟು ಬಿಚ್ಚದೆ ಹೊರಡುತ್ತಾರೆ. ಇನ್ನು ಹೆಂಗಸೊಬ್ಬಳು ಒಂದು ಮಧ್ಯಾಹ್ನ ನಿಜಕ್ಕೂ ಸುಮ್ಮನೆ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆದಂಡೆಯಲ್ಲಿ ಕೂತು ಬಂದರೆ ಅದರಲ್ಲಿ ತಪ್ಪೇನು? ಗಂಡಸರು ಇಷ್ಟು ವರ್ಷ ಅದನ್ನು ಮಾಡಿಕೊಂಡೇ ಬಂದಿದ್ದಾರೆ.

"ದೇಶ ಸುತ್ತು ಕೋಶ ಓದು ಅಂತೀರ, ದುಡ್ಡಿಲ್ಲದೋರು ಎಲ್ಲಿ ಸುತ್ತಾನ?"

ಹತ್ತಿರದಿಂದ ಶುರು ಮಾಡಿ. ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆ ಕೂಡುವ ಕಡೆ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮ ಅನ್ನುತ್ತೇವೆ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಸುವ ಪದ್ಧತಿ ಬಂತು, 2025ರ ಫೆಬ್ರವರಿಯಲ್ಲೂ ನಡೆಯಿತು. ಪ್ರಯಾಗದವರೆಗೆ ಹೋಗಲಾಗದವರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ. ಅದನ್ನು ಸಣ್ಣ ಪ್ರಯಾಣ ಅನ್ನಬಾರದು.

ದೂರ ಹೋಗುವ ಆಸೆಯಿದ್ದರೆ ದುಡ್ಡು ಹೆಚ್ಚು ತಿನ್ನುವುದು ರೈಲಲ್ಲ, ತಂಗುವ ಕೋಣೆ ಮತ್ತು ಅಲ್ಲಲ್ಲಿನ ಆಟೋ. ನಾವು ರಾತ್ರಿ ಗಾಡಿ ಹಿಡಿದು ಒಂದು ಕೋಣೆಯ ಬಾಡಿಗೆ ಉಳಿಸುತ್ತೇವೆ, ಊರು ತಲುಪಿದ ಮೇಲೆ ಛತ್ರ, ಮಠ, ಧರ್ಮಶಾಲೆ ಕೇಳುತ್ತೇವೆ. 60 ದಾಟಿದವರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಇದೆ. ಮನೆಯಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ ನಾಲ್ಕು ವರ್ಷದ ಅವಧಿಯಲ್ಲಿ ಎರಡು ಸಲ ರಜಾ ಪ್ರಯಾಣದ ಸೌಲಭ್ಯ ಸಿಗುತ್ತದೆ, ಅದರಲ್ಲೊಂದನ್ನು ದೇಶದ ಯಾವ ಮೂಲೆಗಾದರೂ ಬಳಸಬಹುದು. ಎಷ್ಟೋ ಜನ ಬಳಸದೇ ಬಿಡುತ್ತಾರೆ, ಬಿಡಬೇಡಿ.

"ಗಂಡಸ್ರು ಜೊತೆಗಿಲ್ದೆ ನಾವು ಐದಾರು ಹೆಂಗಸ್ರೇ ಹೋಗಬಹುದಾ?"

ನಮ್ಮ ಜಿಲ್ಲೆಯ ಹೆಂಗಸರು ಇದಕ್ಕೆ ಯಾವತ್ತೋ ಉತ್ತರ ಕೊಟ್ಟಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಮಂಡ್ಯ, ಮೈಸೂರಿನ ಹಳ್ಳಿಗಳಿಂದ ಕೆಂಪು ಸೀರೆಯುಟ್ಟು, ಓಂ ಶಕ್ತಿ ಮಾಲೆ ಹಾಕಿ, ಬಸ್ಸು ಮಾತಾಡಿಕೊಂಡು ತಮಿಳುನಾಡಿನ ಮೇಲ್ಮರುವತ್ತೂರಿನ ಆದಿಪರಾಶಕ್ತಿ ಗುಡಿಗೆ ಹೋಗುವವರನ್ನು ನೋಡಿ. ಹೊಲ, ಹಟ್ಟಿ, ಹಾಲಿನ ಡೇರಿ ಬಿಟ್ಟು ಬೇರೆ ಕಾಣದವರು ರಾಜ್ಯ ದಾಟಿ ಹೋಗಿ ಬರುತ್ತಾರೆ. ಮುಟ್ಟಾದವರನ್ನೂ ಆ ಗುಡಿ ದೂರ ಇಡುವುದಿಲ್ಲ ಅನ್ನುವುದು ಅವರಿಗೆ ದೊಡ್ಡ ಬಲ.

ನನ್ನ ಅನುಭವದ ಮಾತು: ಹೊಸ ಊರಿಗೆ ಬೆಳಕಿರುವಾಗ ತಲುಪುವ ಗಾಡಿಯನ್ನೇ ಹಿಡಿಯಿರಿ. ಯಾರಾದರೂ ಒಬ್ಬರಿಗೆ ಹಿಂದಿ ಅರ್ಧಂಬರ್ಧ ಬಂದರೂ ಸಾಕು. ರೈಲಿನಲ್ಲಿ ತೊಂದರೆಯಾದರೆ 139, ಹೊರಗೆ 112. ಕೋಣೆಯನ್ನು ಮಾತ್ರ ನೀವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಒಮ್ಮೆ ಒಬ್ಬ ಏಜೆಂಟರ ಮಾತು ನಂಬಿ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಹೋಗಿದ್ದೆ. ರಾತ್ರಿ ಒಂಬತ್ತಕ್ಕೆ ಹೋಟೆಲಿನವರು "ನಿಮ್ಮ ಹೆಸರಿನಲ್ಲಿ ಏನೂ ಇಲ್ಲ" ಅಂದರು. ಏಜೆಂಟರ ಫೋನು ಆಫ್. ಪಕ್ಕದ ಬೀದಿಯ ಛತ್ರದವರು ಚಾಪೆ ಹಾಸಿಕೊಟ್ಟರು. ಅವತ್ತು ನನ್ನ ಜೊತೆ ಇದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ, ಬೆಳಿಗ್ಗೆ ಎದ್ದು "ಮುಂದಿನ ವರ್ಷ ಎಲ್ಲಿಗೆ?" ಅಂದರು.

"ಅಪ್ಪ ಅಮ್ಮಂಗೆ ಎಪ್ಪತ್ತಾಯ್ತು. ಕಾಶಿಗೆ ಕರ್ಕೊಂಡು ಹೋಗೋದು ಹೆಂಗೆ?"

ಮೈಸೂರಿನಿಂದಲೇ ವಾರಾಣಸಿಗೆ ನೇರ ರೈಲಿದೆ, ಎರಡು ರಾತ್ರಿ ಗಾಡಿಯಲ್ಲೇ ಕಳೆಯಬೇಕು. ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ, ಹಾಗಾಗಿ ದಿನ ಎಣಿಸಿ ಅವತ್ತೇ ಬುಕ್ ಮಾಡಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್‌ನ ಕೋಟಾ ಇದೆ. ಅದು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟ್‌ಗೆ ಸಿಗುವಂಥದ್ದು. ಮನೆಮಂದಿಯೆಲ್ಲ ಒಂದೇ ಟಿಕೆಟ್‌ನಲ್ಲಿ ಹೊರಟು ಅಜ್ಜನನ್ನು ಮೇಲಿನ ಬರ್ತ್‌ಗೆ ಹತ್ತಿಸಲು ಒದ್ದಾಡುವುದನ್ನು ನೋಡಿದ್ದೇನೆ. ಅಪ್ಪ ಅಮ್ಮನ ಟಿಕೆಟ್ ಬೇರೆ ಮಾಡಿಸಿ. ಹಿರಿಯರಿಗೆ ರೈಲಿನಲ್ಲಿದ್ದ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಅದನ್ನು ಮತ್ತೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ನಮ್ಮಲ್ಲಿ ಮಕ್ಕಳ ಮದುವೆ ಮುಗಿಸಿದ ಮೇಲೇ ಜನ ತಮಗಾಗಿ ಹೊರಡುವುದು.

ರಾಜ್ಯದ ಮುಜರಾಯಿ ಇಲಾಖೆ ಕಾಶಿ ಯಾತ್ರಿಕರಿಗೆ ಸಹಾಯಧನ ಕೊಡುತ್ತದೆ. 2022ರ ನವೆಂಬರ್‌ನಲ್ಲಿ ಕಾಶಿ ದರ್ಶನದ ವಿಶೇಷ ರೈಲು ಹೊರಟಾಗ ತಲಾ 5,000 ರೂಪಾಯಿ ಕೊಟ್ಟಿತ್ತು. ಈಗಿನ ಮೊತ್ತವನ್ನೂ ಬೇಕಾದ ದಾಖಲೆಗಳನ್ನೂ ಅರ್ಜಿ ಹಾಕುವಾಗ ಇಲಾಖೆಯಲ್ಲೇ ಕೇಳಿ.

"ರಾತ್ರಿ ಊಟ ಮಾಡ್ಕೊಂಡು ಮೈಸೂರು ಬಿಟ್ರೆ ಬೆಳಗಾಗೋದ್ರೊಳಗೆ ಊಟಿ ಅಲ್ವಾ?"

ಅಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಊಟಿಗೂ ಸುಲ್ತಾನ್ ಬತ್ತೇರಿಗೂ ಅದೇ ಮಾತು. ರಾತ್ರಿಯೇ ಕೇರಳಕ್ಕೆ ಹೋಗಬೇಕಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಹಿಡಿಯುತ್ತಾರೆ. 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ನೀಲಗಿರಿ ಜಿಲ್ಲೆಯವರು ಇ-ಪಾಸ್ ಕಡ್ಡಾಯ ಮಾಡಿದ್ದಾರೆ, ಮನೆಯಲ್ಲೇ ಮಾಡಿಸಿಕೊಂಡು ಹೊರಡಿ.

"ನಮ್ಮ ದೇಶದೊಳಗೇ ಹೋಗೋಕೂ ಪರ್ಮಿಟ್ ಬೇಕಾ?"

ದೇಶದುದ್ದಕ್ಕೂ ಓಡಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಆದರೆ ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಹೊರರಾಜ್ಯದವರು ಒಳಪ್ರವೇಶದ ಪರವಾನಗಿ ಪಡೆಯಬೇಕು, ಲಕ್ಷದ್ವೀಪಕ್ಕೂ ಅನುಮತಿ ಬೇಕು. ಅಲ್ಲಿನ ಬುಡಕಟ್ಟುಗಳ ನೆಲ, ಬದುಕು ಕಾಯುವುದಕ್ಕೆ ಮಾಡಿದ ಏರ್ಪಾಟು ಅದು.

## ಲೆಕ್ಕದ ಒಳಗೆ

"ವರ್ಷಕ್ಕೆ 250 ಕೋಟಿ ಪ್ರವಾಸಿಗರು ಅಂತ ಪೇಪರ್‌ನಲ್ಲಿತ್ತು. ನಾವಿರೋದೇ 140 ಕೋಟಿ, ಹೆಂಗಾಯ್ತದೆ?"

ಅವು ತಲೆಗಳಲ್ಲ, ಭೇಟಿಗಳು. ಪ್ರವಾಸೋದ್ಯಮ ಸಚಿವಾಲಯಕ್ಕೆ ಒಂದೊಂದು ರಾಜ್ಯವೂ ತನ್ನಲ್ಲಿಗೆ ಬಂದವರ ಲೆಕ್ಕ ಕಳಿಸುತ್ತದೆ. ನೀವು ಒಂದೇ ವಾರದಲ್ಲಿ ತಿರುಪತಿ, ಕಂಚಿ, ಮಧುರೆ ನೋಡಿ ಬಂದರೆ ಆಂಧ್ರದ ಲೆಕ್ಕದಲ್ಲೂ ತಮಿಳುನಾಡಿನ ಲೆಕ್ಕದಲ್ಲೂ ಇರುತ್ತೀರಿ. ಅದೇ ಹೊತ್ತಿನಲ್ಲಿ ನೆಂಟರ ಮನೆಯಲ್ಲಿ ತಂಗಿದವರು ಯಾರ ಎಣಿಕೆಗೂ ಸಿಗದೇ ಹೋಗಬಹುದು. ಹಾಗಾಗಿ 250 ಕೋಟಿಯನ್ನು ಜನಸಂಖ್ಯೆಯಿಂದ ಭಾಗಿಸಿ "ಪ್ರತಿಯೊಬ್ಬ ಭಾರತೀಯನೂ ಹತ್ತಿರಹತ್ತಿರ ಎರಡು ಸಲ ಹೊರಟ" ಅನ್ನುವುದು ತಪ್ಪು.

ಆದರೂ ಏರಿಳಿತ ನೋಡಲು ಆ ಅಂಕಿ ಬೇಕು. 2019ರಲ್ಲಿ 232 ಕೋಟಿ ಇದ್ದದ್ದು 2020ರಲ್ಲಿ 61 ಕೋಟಿಗೆ ಕುಸಿಯಿತು. 2023ರಲ್ಲಿ 250 ಕೋಟಿ. ಅದೇ ವರ್ಷ ದೇಶದಿಂದ ಹೊರಗೆ ಹೋದ ಭಾರತೀಯರ ಪ್ರಯಾಣಗಳು ಸುಮಾರು 2.79 ಕೋಟಿ. ನಮ್ಮ ಮಾತೆಲ್ಲ ಸಿಂಗಪುರ, ದುಬೈ ಬಗ್ಗೆ, ಕಾಲು ನಡೆಯುವುದು ಮಾತ್ರ ದೇಶದೊಳಗೇ.

"ಊರು ಬಿಟ್ಟು ಹೆಚ್ಚು ಹೋಗೋರು ಗಂಡಸ್ರಾ, ಹೆಂಗಸ್ರಾ?"

ಈ ಪ್ರಶ್ನೆಗೆ ತರಗತಿಯಲ್ಲಿ ಎಲ್ಲರೂ "ಗಂಡಸರು" ಅಂತಲೇ ಕೂಗುತ್ತಿದ್ದರು. ಆಗ ಒಂದು ಕೆಲಸ ಕೊಡುತ್ತಿದ್ದೆ: ಜಿಲ್ಲೆಯ ನಕಾಶೆಯಲ್ಲಿ ನಿಮ್ಮ ಅಪ್ಪ ಹುಟ್ಟಿದ ಊರಿಗೆ ಕಪ್ಪು ಚುಕ್ಕೆ ಇಡಿ, ಅಮ್ಮ ಹುಟ್ಟಿದ ಊರಿಗೆ ಕೆಂಪು ಚುಕ್ಕೆ ಇಡಿ, ಈಗಿರುವ ಮನೆಗೆ ಎರಡರಿಂದಲೂ ಗೆರೆ ಎಳೆಯಿರಿ. ಕಪ್ಪು ಚುಕ್ಕೆಗಳಲ್ಲಿ ಮುಕ್ಕಾಲು ಪಾಲಿಗೆ ಗೆರೆಯೇ ಇರುತ್ತಿರಲಿಲ್ಲ, ಅಪ್ಪ ಹುಟ್ಟಿದಲ್ಲೇ ಇದ್ದ. ಕೆಂಪು ಗೆರೆಗಳು ಮಳವಳ್ಳಿಯಿಂದ, ಪಾಂಡವಪುರದಿಂದ, ಬನ್ನೂರಿನಿಂದ ಬಂದು ಸೇರುತ್ತಿದ್ದವು. ನಕಾಶೆ ತುಂಬ ಕೆಂಪು.

ದೇಶದ ಅಂಕಿಯೂ ಅದನ್ನೇ ಹೇಳುತ್ತದೆ. 2020-21ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ಜನರಲ್ಲಿ ಶೇ. 28.9 ಮಂದಿ ಮೊದಲಿದ್ದ ಊರು ಬಿಟ್ಟು ಬಂದವರು. ಗಂಡಸರಲ್ಲಿ ಅದು ಶೇ. 10.7, ಹೆಂಗಸರಲ್ಲಿ ಶೇ. 47.9. ಹಾಗೆ ಬಂದ ಹೆಂಗಸರಲ್ಲಿ ಶೇ. 86.8 ಮಂದಿಗೆ ಕಾರಣ ಮದುವೆ. 2011ರ ಜನಗಣತಿ ಎಣಿಸಿದ 45 ಕೋಟಿ ವಲಸಿಗರಲ್ಲೂ ಹೆಂಗಸರೇ ಹೆಚ್ಚು, ಅವರಲ್ಲಿ ಹೆಚ್ಚಿನವರು ಹೀಗೆ ತೌರು ಬಿಟ್ಟು ಬಂದವರೇ. ನೆಂಟರ ಮನೆಯ ಪ್ರವಾಸ ಉಳಿದೆಲ್ಲಕ್ಕಿಂತ ಹೆಚ್ಚಿರುವುದಕ್ಕೂ ಇದೇ ಬೇರು: ಹೆಣ್ಣು ಒಮ್ಮೆ ಊರು ಬದಲಿಸಿದರೆ ಗೌರಿಹಬ್ಬ, ಬಾಣಂತನ, ತಿಥಿ, ಜಾತ್ರೆ ಅಂತ ಎರಡೂ ಮನೆಯವರು ಮೂವತ್ತು ನಲವತ್ತು ವರ್ಷ ಆ ದಾರಿ ಸವೆಸುತ್ತಾರೆ.

"ಬಿಹಾರದೋರು ನಮ್ಮ ಆಲೆಮನೆವರೆಗೂ ಬಂದವ್ರೆ. ನಮ್ಮೋರು ಯಾಕೆ ಅಷ್ಟು ದೂರ ಹೋಗಲ್ಲ?"

ಹೋಗುವ ಅಗತ್ಯ ಬಿದ್ದಿಲ್ಲ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಮಂಡ್ಯದ ನೆಲಕ್ಕೆ ಕಬ್ಬು, ಭತ್ತ ಬಂತು, ಕೂಲಿ ಅರಸಿ ದೂರ ಹೋಗುವುದು ಕಡಿಮೆಯಾಯಿತು. ಆಮೇಲೆ ಬೇಸಾಯದಲ್ಲಿ ಗಿಟ್ಟದೇ ಹೋದಾಗ ಬೆಂಗಳೂರು ನೂರು ಕಿ.ಮೀ. ದೂರದಲ್ಲಿ ಸಿಕ್ಕಿತು. ವಾರಕ್ಕೊಮ್ಮೆ ಊರಿಗೆ ಬರಬಹುದಾದ ದೂರ ಅದು. ಬಿಹಾರದ ದರ್ಭಾಂಗದ ಹುಡುಗನಿಗೆ ಅಂಥ ಬೆಂಗಳೂರು ಪಕ್ಕದಲ್ಲಿರಲಿಲ್ಲ.

ಕಳೆದ ವರ್ಷ ದೀಪಾವಳಿ ಹೊತ್ತಿಗೆ ಒಂದು ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೊರೆಯೇಳುತ್ತಿತ್ತು. ಇಪ್ಪತ್ತೆರಡು ವರ್ಷದವನೊಬ್ಬ ಒಂದು ಕೈಯಲ್ಲಿ ಮಡ್ಡಿ ತೆಗೆಯುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಟಿಕೆಟ್ ನೋಡುತ್ತಿದ್ದ. ಮೈಸೂರಿನಿಂದ ದರ್ಭಾಂಗಕ್ಕೆ ಹೋಗುವ ಗಾಡಿಯಲ್ಲಿ ಛಠ್ ಹಬ್ಬಕ್ಕೆ ಜಾಗವಿಲ್ಲ. "ಜನರಲ್‌ನಾಗೆ ನಿಂತ್ಕೊಂಡು ಹೋಗ್ತೀನಿ ಅಕ್ಕಾ" ಅಂದ, ನಮ್ಮ ಕಡೆ ಕನ್ನಡದಲ್ಲೇ. ಎರಡು ದಿನಕ್ಕೂ ಮಿಕ್ಕಿದ ದಾರಿ. ಅಚ್ಚಿನಿಂದ ಆಗಷ್ಟೇ ಬಿಡಿಸಿದ ನಾಲ್ಕು ಬೆಲ್ಲವನ್ನು ಅಮ್ಮನಿಗೆಂದು ಪೇಪರಿನಲ್ಲಿ ಸುತ್ತಿಟ್ಟಿದ್ದ.

ಇಂಥವರನ್ನು ಎಣಿಸುವುದು ಹೇಗೆಂಬುದಕ್ಕೆ 2016-17ರ ಆರ್ಥಿಕ ಸಮೀಕ್ಷೆ ಒಂದು ಜಾಣ ದಾರಿ ಹಿಡಿಯಿತು. ಕಾಯ್ದಿರಿಸದ ರೈಲು ಟಿಕೆಟ್‌ಗಳನ್ನು ಇಟ್ಟುಕೊಂಡು, 2011ರಿಂದ 2016ರವರೆಗೆ ವರ್ಷಕ್ಕೆ ಸರಾಸರಿ 90 ಲಕ್ಷದಷ್ಟು ಜನ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋದರೆಂದು ಅಂದಾಜಿಸಿತು. ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯಿಂದ 2024ರ ಡಿಸೆಂಬರ್‌ನಲ್ಲಿ ಬಂದ ಪ್ರಬಂಧವೂ ಅದೇ ಬಗೆಯ ಟಿಕೆಟ್ ಲೆಕ್ಕ ಹಿಡಿದು, ವಲಸಿಗರ ಸಂಖ್ಯೆ 2023ಕ್ಕೆ ಸುಮಾರು 40.2 ಕೋಟಿಗೆ ಇಳಿದಿದೆ ಅಂದಿತು. ಊರಿನ ಹತ್ತಿರವೇ ಕೆಲಸ, ಶಾಲೆ, ಆಸ್ಪತ್ರೆ ಸಿಗುತ್ತಿರುವುದು ಕಾರಣವಿರಬಹುದು ಅನ್ನುವುದು ಅವರ ವಾದ. ಹಾಗಿದ್ದರೆ ಒಳ್ಳೆಯದೇ. ಆದರೆ ಟಿಕೆಟ್ ಕಡಿಮೆಯಾದ ಮಾತ್ರಕ್ಕೆ ಕಷ್ಟ ಕಡಿಮೆಯಾಯಿತು ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ.

"ಎಕ್ಸ್‌ಪ್ರೆಸ್‌ವೇ ಆದ್ರೆ ಜನ ಬರ್ತಾರೆ ಅಂದ್ರು. ಮಂಡ್ಯದಲ್ಲಿ ನಿಲ್ಲೋರೇ ಇಲ್ವಲ್ಲ?"

ಓಡಾಟ ಹೆಚ್ಚುವುದೇ ಬೇರೆ, ನಿಲ್ಲುವುದೇ ಬೇರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕಿಟ್ಟು ಹೋಗುತ್ತದೆ. ಮೊದಲು ಮೂರು ಗಂಟೆಯ ದಾರಿಯಲ್ಲಿ ತಟ್ಟೆ ಇಡ್ಲಿ, ಗೊಂಬೆ, ಮದ್ದೂರು ವಡೆ ಅಂತ ನಾಲ್ಕು ಕಡೆ ಗಾಡಿ ನಿಲ್ಲುತ್ತಿತ್ತು. ಈಗ ಬೇಗ ಮೈಸೂರು ಸೇರಿ, ಅರಮನೆ, ಮೃಗಾಲಯ ನೋಡಿ, ಸಂಜೆಗೆ ವಾಪಸ್. ರಾತ್ರಿ ತಂಗುವ ಪ್ರವಾಸವೊಂದು ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸವಾದರೆ ಮೈಸೂರಿಗೆ ಬಂದವರ ಸಂಖ್ಯೆ ಅಷ್ಟೇ ಇರುತ್ತದೆ, ಕಡಿಮೆಯಾಗುವುದು ಲಾಡ್ಜಿನವರ, ಹೋಟೆಲಿನವರ ಸಂಪಾದನೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳು ಮುಖ್ಯ ರಸ್ತೆಗೆ ಇಳಿಯುವಂತಿಲ್ಲ. ನಮ್ಮ ರೈತರ ಓಡಾಟವೆಲ್ಲ ಪಕ್ಕದ ಸರ್ವೀಸ್ ರಸ್ತೆಯಲ್ಲಿ.

"ನಮ್ಮ ಮನೆಯ ಓಡಾಟದ ಲೆಕ್ಕ ನಾವೇ ಇಡಬಹುದಾ?"

ಖಂಡಿತ ಇಡಿ. ಒಂದು ನೋಟ್‌ಬುಕ್ ಸಾಕು. ಹೋದವರು ಯಾರು, ಎಲ್ಲಿಗೆ, ಎಷ್ಟು ದೂರ, ಎಷ್ಟು ರಾತ್ರಿ, ಯಾತಕ್ಕೆ, ಖರ್ಚೆಷ್ಟು ಎಂದು ಬರೆಯಿರಿ. ಬಂದ ದಿನವೇ ಬರೆಯಿರಿ, ವಾರ ಬಿಟ್ಟರೆ ಮರೆಯುತ್ತದೆ. ದಿನನಿತ್ಯದ ಕೆಲಸದ ಓಡಾಟಕ್ಕೆ ಬೇರೆ ಪುಟ ಇಡಿ. ಮುಖ್ಯವಾಗಿ, ಮನೆಯ ಒಬ್ಬೊಬ್ಬರದ್ದೂ ಬೇರೆ ಬೇರೆ ಬರೆಯಿರಿ. "ನಮ್ಮ ಮನೆಯವರು ಹತ್ತು ಸಲ ಹೋದರು" ಎಂದು ಬರೆದರೆ ಗಂಡ ಹತ್ತು ಸಲ, ಹೆಂಡತಿ ಒಂದು ಸಲ ಹೋಗಿದ್ದು ಅದರೊಳಗೆ ಅಡಗಿಬಿಡುತ್ತದೆ. ವರ್ಷ ಮುಗಿದ ಮೇಲೆ "ಯಾತಕ್ಕೆ" ಅನ್ನುವ ಸಾಲನ್ನು ಮೇಲಿಂದ ಕೆಳಗೆ ಓದಿ.

ಎದುರುಮನೆಯ ಅಜ್ಜಿಗೆ ಬರೆಯಲು ಬರುವುದಿಲ್ಲ. ಏಳನೇ ಕ್ಲಾಸಿನ ಮೊಮ್ಮಗ ಬರೆದುಕೊಡುತ್ತಾನೆ. ಮೊನ್ನೆ ಪುಸ್ತಕ ತಂದು ತೋರಿಸಿದರು. ಕೊನೆಯ ಸಾಲಿನಲ್ಲಿ ಶಿವನಸಮುದ್ರ ಎಂದಿತ್ತು. "ಯಾತಕ್ಕೆ" ಅನ್ನುವ ಕಡೆ ಹುಡುಗ ಅಜ್ಜಿ ಹೇಳಿದ್ದನ್ನೇ ಬರೆದಿದ್ದ: "ನೀರು ನೋಡಕ್ಕೆ".